ಬೀಟ್ ದ ಸ್ಟ್ರೀಕ್: ಹೆಸರು ನೋಡಬೇಡಿ, ಸರದಿ ಎಣಿಸಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಿಂದ ನಡೆಸಿಕೊಂಡು ಬಂದಿರುವ ಉಚಿತ ಸ್ಪರ್ಧೆ ಬೀಟ್ ದ ಸ್ಟ್ರೀಕ್. ಅದು ಕೇಳುವ ಪ್ರಶ್ನೆ ಒಂದೇ: ಇವತ್ತು ಹಿಟ್ ಹೊಡೆಯುವ ಬ್ಯಾಟರ್ ಯಾರು? ಹಿಟ್ ಎಂದರೆ ಎದುರಾಳಿಯ ತಪ್ಪಿಲ್ಲದೆ, ಹೊಡೆದ ಚೆಂಡಿನ ಬಲದಿಂದಲೇ ಬೇಸ್ ಮುಟ್ಟುವುದು. ನೀವು ಆರಿಸಿದವನು ಆ ದಿನದ ಆಟದಲ್ಲಿ ಒಂದಾದರೂ ಹಿಟ್ ಹೊಡೆದರೆ ನಿಮ್ಮ ಸ್ಟ್ರೀಕ್‌ಗೆ, ಅಂದರೆ ಸತತ ಗೆಲುವಿನ ಸರಣಿಗೆ, ಒಂದು ಸೇರುತ್ತದೆ, ಹೊಡೆಯದಿದ್ದರೆ ಸೊನ್ನೆಗೆ ಬರುತ್ತದೆ. ಒಂದೇ ಸೀಸನ್‌ನಲ್ಲಿ ಹೀಗೆ ಸತತ 57 ಮುಟ್ಟಿದವರಿಗೆ 56 ಲಕ್ಷ ಡಾಲರ್ ಬಹುಮಾನ. ಎರಡೂ ಸಂಖ್ಯೆ ಬಂದದ್ದು ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮಾಜಿಯೊ ಅವರಿಂದ. 1941ರ ಮೇ 15ರಿಂದ ಜುಲೈ 16ರವರೆಗೆ ಸತತ 56 ಆಟಗಳಲ್ಲಿ ಅವರು ಹಿಟ್ ಹೊಡೆದಿದ್ದರು. ಆ ದಾಖಲೆಯ ಹತ್ತಿರಕ್ಕೂ ಆಮೇಲೆ ಯಾರೂ ಸುಳಿದಿಲ್ಲ. 1978ರಲ್ಲಿ ಪೀಟ್ ರೋಸ್ 44ಕ್ಕೆ ನಿಂತರು.

ಡಿಮಾಜಿಯೊ ಅವರಿಗಿಲ್ಲದ ಒಂದು ಅನುಕೂಲ ಇಲ್ಲಿ ನಮಗಿದೆ. ದಿನಕ್ಕೊಬ್ಬ ಬ್ಯಾಟರನ್ನು ಬದಲಾಯಿಸಬಹುದು, ಮನಸ್ಸಿಗೆ ಬಾರದ ದಿನ ಆಡದೆ ಸುಮ್ಮನಿರಬಹುದು. ಇಷ್ಟು ಸಲೀಸಿದ್ದರೂ 2001ರಿಂದ 2024ರವರೆಗೆ ಒಬ್ಬರೂ 57 ಮುಟ್ಟಿಲ್ಲ. 2017ರಲ್ಲಿ ಒಬ್ಬರು 51ರ ತನಕ ಹೋಗಿದ್ದೇ ಅತಿ ಹೆಚ್ಚು. ಹಾಗಾಗಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಬೇಸ್‌ಬಾಲ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ಆಟ ಇಲ್ಲ, ಆದರೆ ಬಹುಮಾನದ ಆಸೆಯಿಂದ ಬಂದವರು ಲೆಕ್ಕ ನೋಡಿಕೊಂಡು ಬರಬೇಕು.

ಲೆಕ್ಕ ಹೀಗಿದೆ. 2024ರಲ್ಲಿ ಇಡೀ ಲೀಗ್‌ನ ಬ್ಯಾಟಿಂಗ್ ಸರಾಸರಿ .243, ಅಂದರೆ ಸಾವಿರ ಅಟ್‌ಬ್ಯಾಟ್‌ಗೆ (ಸರಾಸರಿಯ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗೆ) 243 ಹಿಟ್. ಅಂಥ ಸಾಧಾರಣ ಬ್ಯಾಟರ್‌ಗೆ ನಾಲ್ಕು ಅಟ್‌ಬ್ಯಾಟ್ ಸಿಕ್ಕರೆ ಒಂದಾದರೂ ಹಿಟ್ ಬೀಳುವ ಸಾಧ್ಯತೆ ಶೇ 67. ದಿನವೂ ಎಚ್ಚರದಿಂದ ಆರಿಸಿ ಅದನ್ನು ಶೇ 78ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಆಗಲೂ ಸೊನ್ನೆಯಿಂದ ಹೊರಟು 10 ಮುಟ್ಟುವುದು ಹನ್ನೆರಡು ಪ್ರಯತ್ನಗಳಲ್ಲಿ ಒಂದು, 20 ಮುಟ್ಟುವುದು ಸುಮಾರು 144ರಲ್ಲಿ ಒಂದು, 57 ಮುಟ್ಟುವುದು 14 ಲಕ್ಷದಲ್ಲಿ ಒಂದು. ಶೇ 80 ಆದರೆ ಇದು 3.3 ಲಕ್ಷದಲ್ಲಿ ಒಂದಕ್ಕೆ ಇಳಿಯುತ್ತದೆ, ಶೇ 85 ಆದರೆ ಸುಮಾರು 10,500ರಲ್ಲಿ ಒಂದಕ್ಕೆ. ಶೇ 70ರಲ್ಲೇ ಉಳಿದರೆ 67 ಕೋಟಿಯಲ್ಲಿ ಒಂದು. ದಿನದ ಆಯ್ಕೆಯಲ್ಲಿ ಎರಡು ಮೂರು ಶೇಕಡಾ ಅಂಶ ಹೆಚ್ಚಿಸಿಕೊಂಡರೆ ಕೊನೆಯ ಫಲಿತಾಂಶ ಹಲವು ಪಟ್ಟು ಬದಲಾಗುತ್ತದೆ. ಈ ಸ್ಪರ್ಧೆಯಲ್ಲಿ ಪರಿಣತಿಗೆ ಇರುವ ಜಾಗ ಅದೊಂದೇ, ಮತ್ತು ಅದು ಸಾಕಷ್ಟು ದೊಡ್ಡ ಜಾಗ.

ಆ ಎರಡು ಮೂರು ಅಂಶ ಎಲ್ಲಿಂದ ಬರುತ್ತದೆ? ಹೆಚ್ಚಿನವರು ದೊಡ್ಡ ಹೆಸರಿನಲ್ಲಿ ಹುಡುಕುತ್ತಾರೆ. ಹುಡುಕಬೇಕಾದ್ದು ಸರದಿಯಲ್ಲಿ, ಅಂದರೆ ಆ ಬ್ಯಾಟರ್ ಇವತ್ತು ಎಷ್ಟು ಸಲ ಬ್ಯಾಟ್ ಮಾಡಲು ಪ್ಲೇಟ್‌ಗೆ ಬರುತ್ತಾನೆ ಎಂಬುದರಲ್ಲಿ.

ಒಂದು ತಂಡ ಒಂಬತ್ತು ಇನಿಂಗ್ಸ್‌ನಲ್ಲಿ 27 ಔಟ್ ಆಗುವವರೆಗೆ ಆಡುತ್ತದೆ. ಜೊತೆಗೆ ಸರಾಸರಿ ಎಂಟು ಹಿಟ್, ಮೂರು ವಾಕ್ (ಪಿಚರ್ ನಾಲ್ಕು ಎಸೆತ ವಲಯದ ಹೊರಗೆ ಹಾಕಿದಾಗ ಬ್ಯಾಟರ್‌ಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್). ಒಟ್ಟು 38 ಸರದಿ. ಒಂಬತ್ತು ಬ್ಯಾಟರ್‌ಗಳ ಪಟ್ಟಿ ನಾಲ್ಕು ಸುತ್ತು ಮುಗಿಸಿದರೆ 36, ಉಳಿದ ಎರಡು ಸರದಿ ಮೊದಲ ಮತ್ತು ಎರಡನೇ ಕ್ರಮಾಂಕದವರಿಗೆ. ಅಂದರೆ ಸಾಧಾರಣ ದಿನದಲ್ಲಿ ಐದನೇ ಅವಕಾಶ ಸಿಗುವುದು ಅವರಿಬ್ಬರಿಗೆ ಮಾತ್ರ. ಪ್ರತಿ ಸರದಿಗೆ .280ರಂತೆ ಹಿಟ್ ಹೊಡೆಯುವವನನ್ನು ತೆಗೆದುಕೊಳ್ಳಿ. ಮೂರು ಸರದಿ ಸಿಕ್ಕರೆ ಅವನ ಸಾಧ್ಯತೆ ಶೇ 63, ನಾಲ್ಕಕ್ಕೆ 73, ಐದಕ್ಕೆ 81. ಬ್ಯಾಟರ್ ಅವನೇ, ಕೌಶಲವೂ ಅದೇ. ಒಂದು ಸರದಿ ಕೂಡಿದರೆ ಎಂಟು ಹತ್ತು ಅಂಶ ಕೂಡುತ್ತದೆ. ಚೆಂಡೆಸೆಯುವ ಎದುರಾಳಿ ಪಿಚರ್ ಸ್ವಲ್ಪ ದುರ್ಬಲನಾಗಿದ್ದರೆ ಸಿಗುವ ಲಾಭ ಇದರ ಮುಂದೆ ಚಿಕ್ಕದು.

ಇದರ ಬೆನ್ನಿಗೇ ಬರುವ ಇನ್ನೊಂದು ಸಂಗತಿಯನ್ನು ಹೊಸಬರು ಸಾಮಾನ್ಯವಾಗಿ ಗಮನಿಸುವುದಿಲ್ಲ. ತವರಿನ ತಂಡ ಮುನ್ನಡೆಯಲ್ಲಿದ್ದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮಾಡುವುದೇ ಇಲ್ಲ. ಮೂರು ಔಟ್, ಮೂರ್ನಾಲ್ಕು ಸರದಿ ಹಾಗೇ ಹೋಗುತ್ತದೆ. ಹೊರಗಿನಿಂದ ಬಂದ ತಂಡಕ್ಕೆ ಒಂಬತ್ತು ಇನಿಂಗ್ಸ್ ಖಚಿತ. ತವರಿನಲ್ಲಿ ಆಡುವವರು ಒಟ್ಟಾರೆ ಸ್ವಲ್ಪ ಚೆನ್ನಾಗಿಯೇ ಹೊಡೆಯುತ್ತಾರೆ, ನಿಜ. ಆದರೂ ಎರಡು ಸಮಾನ ಆಯ್ಕೆಗಳ ನಡುವೆ ಮನಸ್ಸು ತೂಗುತ್ತಿದ್ದರೆ ಹೊರಗಿನ ತಂಡದವನನ್ನೇ ಹಿಡಿಯಿರಿ. ತವರಿನ ತಂಡ ಗೆಲ್ಲುವ ಕುದುರೆ ಎಂದು ಎಲ್ಲರೂ ಹೇಳುತ್ತಿರುವ ದಿನವಂತೂ ಆ ತಂಡದ ನಾಲ್ಕು, ಐದನೇ ಕ್ರಮಾಂಕದವನು ನಿಮ್ಮ ಪಟ್ಟಿಯಲ್ಲಿ ಕೆಳಗಿಳಿಯಬೇಕು.

ಎರಡನೇ ಶೋಧ ವಾಕ್‌ಗಳದ್ದು. ಬ್ಯಾಟಿಂಗ್ ಸರಾಸರಿ ವಾಕ್‌ಗಳನ್ನು ಲೆಕ್ಕದಿಂದ ಹೊರಗಿಡುತ್ತದೆ, ಹಾಗಾಗಿ ಈ ಸ್ಪರ್ಧೆಯಲ್ಲಿ ಅದು ದಾರಿ ತಪ್ಪಿಸುತ್ತದೆ. ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರಲ್ಲಿ ಹುವಾನ್ ಸೋಟೊ ಸರಾಸರಿ .313. 2024ರಲ್ಲಿ ಲೂಯಿಸ್ ಅರಾಯೆಸ್ ಸರಾಸರಿ .314. ಮೇಲ್ನೋಟಕ್ಕೆ ಇಬ್ಬರೂ ಒಂದೇ. ಆದರೆ ಸೋಟೊ 654 ಸರದಿಯಲ್ಲಿ 145 ವಾಕ್ ಪಡೆದು 157 ಹಿಟ್ ಹೊಡೆದರು, ಅಂದರೆ ಸರದಿಗೆ .240. ಅರಾಯೆಸ್ 672 ಸರದಿಯಲ್ಲಿ 24 ವಾಕ್ ಮಾತ್ರ ಪಡೆದು 200 ಹಿಟ್ ಹೊಡೆದರು, ಸರದಿಗೆ .298. ನಾಲ್ಕು ಸರದಿಯ ಆಟದಲ್ಲಿ ಸೋಟೊ ಶೇ 67, ಅರಾಯೆಸ್ ಶೇ 76. ತಂಡ ಕಟ್ಟುವವರು ಸೋಟೊ ಅವರನ್ನೇ ಕೇಳುತ್ತಾರೆ, ಅದು ಸರಿಯೂ ಹೌದು. ಸ್ಟ್ರೀಕ್ ಕಟ್ಟುವವರಿಗೆ ಬೇಕಾದವರು ಅರಾಯೆಸ್. ಆ ವರ್ಷ ಅವರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದದ್ದು ಬರೀ 29 ಸಲ. ಚೆಂಡು ಮೈದಾನಕ್ಕೆ ಬಿದ್ದರೆ ತಾನೇ ಹಿಟ್ ಆಗುವುದು. ಮೈದಾನಕ್ಕೆ ಬಿದ್ದ ಚೆಂಡುಗಳಲ್ಲಿ, ಬೇಲಿ ದಾಟುವ ಹೋಮ್ ರನ್ ಬಿಟ್ಟು, ಲೀಗ್‌ನಲ್ಲಿ ಹತ್ತಕ್ಕೆ ಸುಮಾರು ಮೂರು ಹಿಟ್ ಆಗುತ್ತವೆ.

ಆದ್ದರಿಂದ ನಿಮ್ಮ ಕಾಗದದಲ್ಲಿ ಬರೆದುಕೊಳ್ಳಬೇಕಾದ ಮೊದಲ ಅಂಕಣ ಒಟ್ಟು ಹಿಟ್ ಭಾಗಿಸು ಒಟ್ಟು ಸರದಿ. .270 ದಾಟಿದವರನ್ನು ಮಾತ್ರ ಉಳಿಸಿಕೊಳ್ಳಿ, .280 ದಾಟಿದವರಿಗೆ ಗುರುತು ಹಾಕಿ. ಸೀಸನ್‌ನ ಯಾವ ಹೊತ್ತಿನಲ್ಲೂ ಈ ಜರಡಿಯಲ್ಲಿ ಉಳಿಯುವವರು ಕೆಲವೇ ಮಂದಿ. ಏಪ್ರಿಲ್‌ನಲ್ಲಿ ಆ ವರ್ಷದ ಅಂಕಿ ನಂಬಬೇಡಿ, ಹಿಂದಿನ ಎರಡು ವರ್ಷದ್ದನ್ನು ಸೇರಿಸಿ ನೋಡಿ. ಬೇಸ್‌ಬಾಲ್ ಸಾವಂಟ್ ತಾಣದಲ್ಲಿ ಚೆಂಡು ಬ್ಯಾಟಿನಿಂದ ಹೊರಟ ವೇಗ, ಕೋನ ಆಧರಿಸಿ ಲೆಕ್ಕ ಹಾಕಿದ ನಿರೀಕ್ಷಿತ ಸರಾಸರಿ ಉಚಿತವಾಗಿ ಸಿಗುತ್ತದೆ. ನಿಜವಾದ ಸರಾಸರಿ ಅದಕ್ಕಿಂತ ತುಂಬಾ ಮೇಲಿದ್ದರೆ ಅದೃಷ್ಟ ಸ್ವಲ್ಪ ಕೈಹಿಡಿದಿದೆ ಎಂದರ್ಥ. ಓಟದಲ್ಲಿ ಚುರುಕಾದವರಿಗೆ ಮಾತ್ರ ಈ ಅಂತರವನ್ನು ಒಂದಿಷ್ಟು ಮಾಫಿ ಮಾಡಬಹುದು, ಯಾಕೆಂದರೆ ನಿಧಾನವಾಗಿ ಉರುಳಿದ ಚೆಂಡನ್ನೂ ಅವರು ಓಡಿ ಹಿಟ್ ಮಾಡಿಕೊಳ್ಳುತ್ತಾರೆ. ಎಡಗೈ ಬ್ಯಾಟರ್‌ಗಳು ಮೊದಲ ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಲ್ಲುತ್ತಾರೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಪಿಚರ್ ವಿಷಯದಲ್ಲಿ ಎಲ್ಲರೂ ಮಾಡುವ ಅವಸರ ಒಂದಿದೆ. ರನ್ ಕೊಡುವ ಸರಾಸರಿ ದೊಡ್ಡದಿದ್ದರೆ ಸಾಕು, ಕೆಟ್ಟ ಪಿಚರ್ ಎಂದು ಅವನ ಮೇಲೆ ಬೀಳುತ್ತಾರೆ. ವಾಕ್ ಕೊಟ್ಟು ಕೊಟ್ಟು ಕೆಟ್ಟವನಾದವನು ನಮಗೆ ಉಪಯೋಗಕ್ಕಿಲ್ಲ. ಅವನು ನಮ್ಮ ಬ್ಯಾಟರ್‌ನ ಸರದಿಯನ್ನೇ ತಿಂದುಹಾಕುತ್ತಾನೆ. ನಮಗೆ ಬೇಕಾದವನು ಸ್ಟ್ರೈಕ್ ವಲಯದೊಳಗೇ ಎಸೆಯುವ, ಸ್ಟ್ರೈಕ್‌ಔಟ್ ಕಡಿಮೆ ಮಾಡುವ, ವಾಕ್ ಕೂಡ ಕಡಿಮೆ ಕೊಡುವ ಪಿಚರ್. ಅಂಥವನ ಎದುರು ಹೆಚ್ಚಿನ ಸರದಿಗಳು ಚೆಂಡು ಮೈದಾನಕ್ಕೆ ಬೀಳುವುದರಲ್ಲಿ ಮುಗಿಯುತ್ತವೆ. ಅವನ ಹಿಂದೆ ನಿಂತ ಫೀಲ್ಡರ್‌ಗಳು ಮಂದವಾಗಿದ್ದರೆ ಇನ್ನೂ ಒಳ್ಳೆಯದು.

ಈಗಿನ ಸ್ಟಾರ್ಟಿಂಗ್ ಪಿಚರ್‌ಗಳು ಸರಾಸರಿ ಐದು ಇನಿಂಗ್ಸ್ ಚಿಲ್ಲರೆ ಎಸೆದು ಹೋಗುತ್ತಾರೆ. ನಿಮ್ಮ ಬ್ಯಾಟರ್ ಅವರನ್ನು ಎದುರಿಸುವುದು ಎರಡು ಅಥವಾ ಮೂರು ಸಲ. ಉಳಿದ ಸರದಿ ಬುಲ್‌ಪೆನ್, ಅಂದರೆ ಆಮೇಲೆ ಬರುವ ರಿಲೀವರ್ ಪಿಚರ್‌ಗಳ ಎದುರು. ಎದುರು ಕೈಯ ಪಿಚರ್‌ನ ಎಸೆತ ಹೊಡೆಯುವುದು ಸಾಮಾನ್ಯವಾಗಿ ಸುಲಭ. ಎಡಗೈ ಬ್ಯಾಟರ್‌ಗೆ ಬಲಗೈ ಸ್ಟಾರ್ಟರ್ ಸಿಕ್ಕ ಎಂದು ಸಂತೋಷಪಟ್ಟು ಕೂತರೆ, ಏಳನೇ ಇನಿಂಗ್ಸ್‌ನಲ್ಲಿ ಎಡಗೈ ರಿಲೀವರ್ ಬಂದು ನಿಲ್ಲುತ್ತಾನೆ. ಅದಕ್ಕೇ ಎದುರಾಳಿ ಬುಲ್‌ಪೆನ್ ಹಿಂದಿನ ಎರಡು ದಿನ ಎಷ್ಟು ದುಡಿದಿದೆ ಎಂದು ಬಾಕ್ಸ್ ಸ್ಕೋರ್ (ಆಟದ ಅಂಕಿಪಟ್ಟಿ) ತೆರೆದು ನೋಡುವುದು ಒಳ್ಳೆಯದು. 2020ರಿಂದ ಒಬ್ಬ ರಿಲೀವರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲವೇ ಆ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ ಬಂದ ಮೇಲೆ ಒಬ್ಬನಿಗಾಗಿಯೇ ಪಿಚರ್ ತರುವ ಕಾಟ ಕಡಿಮೆಯಾಗಿದೆ. ಹೋಸೆ ರಾಮಿರೆಸ್, ಕೆಟೆಲ್ ಮಾರ್ಟೆಯಂಥ ಎರಡೂ ಕಡೆ ನಿಂತು ಹೊಡೆಯುವ ಬ್ಯಾಟರ್‌ಗಳಿಗೆ ಈ ಚಿಂತೆಯೇ ಇಲ್ಲ. ಸ್ಟಾರ್ಟರ್ ಇಲ್ಲದೆ ಆರೇಳು ರಿಲೀವರ್‌ಗಳನ್ನೇ ಒಬ್ಬರ ಹಿಂದೊಬ್ಬರಂತೆ ಇಳಿಸುವ ದಿನ ಆ ಆಟವನ್ನೇ ಬಿಟ್ಟುಬಿಡಿ. ಬ್ಯಾಟರ್ ಪ್ರತಿ ಸಲ ಹೊಸ ಕೈ ನೋಡಬೇಕಾಗುತ್ತದೆ.

ಮೈದಾನದ ಮಾತು ಬಂದರೆ ಡೆನ್ವರ್‌ನ ಕೂರ್ಸ್ ಫೀಲ್ಡ್‌ಗೆ ಸಾಟಿಯಿಲ್ಲ. ಸಮುದ್ರ ಮಟ್ಟದಿಂದ ಸುಮಾರು 5,200 ಅಡಿ ಎತ್ತರ. ತೆಳು ಗಾಳಿಯಲ್ಲಿ ತಿರುಗುವ ಎಸೆತಗಳು ಸರಿಯಾಗಿ ತಿರುಗುವುದಿಲ್ಲ, ಹೊಡೆದ ಚೆಂಡು ದೂರ ಹೋಗುತ್ತದೆ. ಜನ ಅಲ್ಲಿನ ಹೋಮ್ ರನ್ ಬಗ್ಗೆಯೇ ಮಾತಾಡುತ್ತಾರೆ. ನಮಗೆ ಮುಖ್ಯವಾದದ್ದು ಅಲ್ಲಿನ ವಿಶಾಲವಾದ ಔಟ್‌ಫೀಲ್ಡ್. ಫೀಲ್ಡರ್‌ಗಳು ಹಿಂದೆ ಸರಿದು ನಿಲ್ಲಬೇಕಾದ್ದರಿಂದ ಅವರ ಮುಂದೆ ಬೀಳುವ ಸಿಂಗಲ್‌ಗಳು (ಒಂದು ಬೇಸ್‌ನ ಹಿಟ್‌ಗಳು) ಹೆಚ್ಚು. ಅಲ್ಲಿಗೆ ಬಂದ ಹೊರ ತಂಡದ ಮೊದಲ ಅಥವಾ ಎರಡನೇ ಕ್ರಮಾಂಕದವನು ಕಡಿಮೆ ಸ್ಟ್ರೈಕ್‌ಔಟ್ ಆಗುವವನಾದರೆ, ಅಷ್ಟು ಚಂದದ ಆಯ್ಕೆ ಈ ಸ್ಪರ್ಧೆಯಲ್ಲಿ ಅಪರೂಪ. ಎಲ್ಲರೂ ಅವನನ್ನೇ ಆರಿಸುತ್ತಾರೆ ಎಂದು ಹಿಂಜರಿಯಬೇಡಿ. ಡ್ರೀಮ್11 ಬಗೆಯ ಆಟದಲ್ಲಿ ನೂರು ಜನ ಆರಿಸಿದವನನ್ನು ನೀವೂ ಆರಿಸಿದರೆ ಮುಂದೆ ಹೋಗಲಾರಿರಿ. ಇಲ್ಲಿ ನಿಮ್ಮ ಪೈಪೋಟಿ ಇನ್ನೊಬ್ಬರ ಜೊತೆ ಅಲ್ಲ, 57ರ ಜೊತೆ. ಬಾಸ್ಟನ್‌ನ ಫೆನ್‌ವೇ ಪಾರ್ಕ್ ಕೂಡ ಹಿಟ್‌ಗೆ ಒಳ್ಳೆಯ ಜಾಗ. ಎಡಗಡೆಯ 37 ಅಡಿ ಗೋಡೆಗೆ ತಾಗಿದ ಚೆಂಡು ಬೇರೆ ಮೈದಾನದಲ್ಲಾದರೆ ಕ್ಯಾಚ್ ಆಗಿಬಿಡುತ್ತಿತ್ತು. ಸಿಯಾಟಲ್ ತದ್ವಿರುದ್ಧ, ಅಲ್ಲಿ ಹಿಟ್ ಹುಟ್ಟುವುದು ಕಷ್ಟ.

ಮಳೆಯನ್ನು ಮರೆಯಬೇಡಿ. ಆಟ ಪೂರ್ತಿ ರದ್ದಾದರೆ ಚಿಂತೆಯಿಲ್ಲ, ಸ್ಟ್ರೀಕ್ ಇದ್ದಲ್ಲೇ ಇರುತ್ತದೆ. ಭಯ ಇರುವುದು ಅರ್ಧಕ್ಕೆ ಮುಗಿಯುವ ಆಟಗಳದ್ದು. ಐದು ಇನಿಂಗ್ಸ್ ಆದ ಮೇಲೆ ಮಳೆ ಬಂದು ಆಟ ಅಲ್ಲಿಗೇ ಮುಗಿದರೆ ಅದು ಅಧಿಕೃತ ಆಟ, ನಿಮ್ಮ ಬ್ಯಾಟರ್‌ಗೆ ಸಿಕ್ಕದ್ದು ಎರಡೋ ಮೂರೋ ಸರದಿ. ಸಂಜೆ ಗುಡುಗು ಮಳೆಯ ಮುನ್ಸೂಚನೆ ಇದ್ದರೆ ಮುಚ್ಚುವ ಚಾವಣಿಯಿರುವ ಟೊರಾಂಟೊ, ಹ್ಯೂಸ್ಟನ್, ಮಿಲ್ವಾಕಿ, ಅರಿಜೋನಾ, ಮಯಾಮಿ, ಟೆಕ್ಸಸ್ ಆಟಗಳ ಕಡೆ ತಿರುಗಿ.

ಯಾವುದನ್ನು ನೋಡಬಾರದು ಎಂಬುದನ್ನೂ ಹೇಳಬೇಕು. ಇಂಥ ಬ್ಯಾಟರ್ ಇಂಥ ಪಿಚರ್ ಎದುರು ಹನ್ನೆರಡಕ್ಕೆ ಆರು ಹೊಡೆದಿದ್ದಾನೆ ಎಂಬ ಅಂಕಿ ಕಣ್ಣಿಗೆ ತುಂಬಾ ಚೆನ್ನಾಗಿ ಕಾಣುತ್ತದೆ. ಆ ಹನ್ನೆರಡು ಸರದಿ ನಾಲ್ಕು ವರ್ಷದಲ್ಲಿ ಹರಡಿರುತ್ತವೆ, ಅಷ್ಟರಲ್ಲಿ ಇಬ್ಬರೂ ಬದಲಾಗಿರುತ್ತಾರೆ. ಅದರಿಂದ ಏನನ್ನೂ ತಿಳಿಯಲಾಗದು. ಕಳೆದ ಏಳು ಆಟದಲ್ಲೂ ಹಿಟ್ ಹೊಡೆದಿದ್ದಾನೆ ಎಂಬುದಕ್ಕೂ ಅಷ್ಟೇ ಬೆಲೆ. ಫಾರ್ಮ್ ನೋಡುವುದಾದರೆ ಅವನು ಗಟ್ಟಿಯಾಗಿ ಹೊಡೆಯುತ್ತಿದ್ದಾನೆಯೇ, ಗಂಟೆಗೆ 95 ಮೈಲಿ ದಾಟಿದ ಹೊಡೆತಗಳು ಬರುತ್ತಿವೆಯೇ ಎಂದು ನೋಡಿ. ಗಾಯದ ಸುದ್ದಿ ಇದೆಯೇ ಎಂದು ನೋಡಿ.

ಈಗ ನಿಯಮಗಳ ಮೂಲೆಗಳು. ಬ್ಯಾಟರ್‌ನ ಎಲ್ಲ ಸರದಿಯೂ ವಾಕ್, ಮೈಗೆ ಚೆಂಡು ತಾಗಿದ್ದು, ಸ್ಯಾಕ್ರಿಫೈಸ್ ಬಂಟ್ (ತಾನು ಔಟಾಗಿ ಜೊತೆಗಾರನನ್ನು ಮುಂದಿನ ಬೇಸ್‌ಗೆ ಸರಿಸಲು ಮೆಲ್ಲಗೆ ತಟ್ಟುವುದು) ಇವುಗಳಲ್ಲೇ ಮುಗಿದರೆ ಸ್ಟ್ರೀಕ್ ಏರುವುದೂ ಇಲ್ಲ, ಮುರಿಯುವುದೂ ಇಲ್ಲ. ಆದರೆ ಹಿಟ್ ಇಲ್ಲದೆ ಒಂದು ಸ್ಯಾಕ್ರಿಫೈಸ್ ಫ್ಲೈ (ಕ್ಯಾಚ್ ಆದರೂ ಜೊತೆಗಾರ ರನ್ ಗಳಿಸುವ ಎತ್ತರದ ಹೊಡೆತ) ಬಂದರೆ ಮುರಿಯುತ್ತದೆ. ಅದಕ್ಕೆ ಅಟ್‌ಬ್ಯಾಟ್ ಲೆಕ್ಕ ಇಲ್ಲದಿದ್ದರೂ ಬೇಸ್‌ಬಾಲ್‌ನ ಅಧಿಕೃತ ನಿಯಮ ಹಾಗೆಯೇ ಇದೆ. ಫೀಲ್ಡರ್‌ನ ತಪ್ಪಿನಿಂದ ಬೇಸ್ ಮುಟ್ಟಿದರೆ ಹಿಟ್ ಅಲ್ಲ. ಹಿಟ್ಟೋ ತಪ್ಪೋ ಎಂದು ನಿರ್ಧರಿಸುವವರು ಅಧಿಕೃತ ಸ್ಕೋರರ್, ಮತ್ತು ಆ ತೀರ್ಪು ಆಟ ಮುಗಿದ ಮೇಲೆ ಬದಲಾಗುವುದೂ ಉಂಟು.

ದಿನದ ಕೆಲಸದ ಕ್ರಮ ಸರಳ. ಬೆಳಿಗ್ಗೆ ಪಿಚರ್ ಪಟ್ಟಿ ನೋಡಿ ಐದಾರು ಹೆಸರು ಗುರುತು ಮಾಡಿ, ತಾತ್ಕಾಲಿಕವಾಗಿ ಒಂದನ್ನು ಇಟ್ಟುಬಿಡಿ. ಆಟ ಶುರುವಾಗುವ ಮೂರ್ನಾಲ್ಕು ಗಂಟೆ ಮೊದಲು ಲೈನಪ್, ಅಂದರೆ ಆಡುವವರ ಬ್ಯಾಟಿಂಗ್ ಕ್ರಮದ ಪಟ್ಟಿ, ಬರುತ್ತದೆ. ಆಗ ನೋಡಬೇಕಾದ್ದು ಎರಡೇ: ಅವನು ಆಡುತ್ತಿದ್ದಾನೆಯೇ, ಎಷ್ಟನೇ ಕ್ರಮಾಂಕ. ಎರಡರಿಂದ ಆರಕ್ಕೆ ಇಳಿಸಿದ್ದರೆ ಬೇರೆಯವನನ್ನು ಹಿಡಿಯಿರಿ. ಶನಿವಾರ ರಾತ್ರಿ ಆಡಿ ಭಾನುವಾರ ಮಧ್ಯಾಹ್ನ ಮತ್ತೆ ಆಡುವ ತಂಡಗಳು ಹಿರಿಯರಿಗೆ, ಅದರಲ್ಲೂ ಕ್ಯಾಚರ್‌ಗಳಿಗೆ, ವಿಶ್ರಾಂತಿ ಕೊಡುತ್ತವೆ. ಬೆಂಚಿನಲ್ಲಿ ಕೂತವನಿಗೆ ಹೆಚ್ಚೆಂದರೆ ಕೊನೆಯಲ್ಲಿ ಇನ್ನೊಬ್ಬನ ಬದಲಿಗೆ ಒಂದು ಪಿಂಚ್ ಹಿಟ್ ಸರದಿ, ಅವನನ್ನು ಇಟ್ಟುಕೊಂಡು ಕೂರಬಾರದು. ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಇದು ಮಧ್ಯಾಹ್ನದ ಬಿಡುವಿನಲ್ಲಿ ಆಗುವ ಕೆಲಸ. ಬೆಂಗಳೂರಿನಲ್ಲಿ ಕೂತು ಆಡುವವರಿಗೆ ಹೊತ್ತು ಅಡ್ಡ ಬರುತ್ತದೆ: ನ್ಯೂಯಾರ್ಕ್‌ನ ಸಂಜೆ 7.05ರ ಆಟ ಇಲ್ಲಿ ನಸುಕಿನ 4.35, ಅದರ ಲೈನಪ್ ಬರುವುದು ನಡುರಾತ್ರಿಯ ನಂತರ. ಅಲ್ಲಿನ ಮಧ್ಯಾಹ್ನ 1.05ರ ಆಟಗಳಾದರೆ ಇಲ್ಲಿ ರಾತ್ರಿ 10.35ಕ್ಕೆ, ಲೈನಪ್ ಸಂಜೆ ಏಳರ ಹೊತ್ತಿಗೆ ಸಿಗುತ್ತದೆ. ಭಾನುವಾರ ಇಂಥ ಆಟಗಳು ಹೇರಳ, ವಾರದ ನಡುವೆಯೂ ಕೆಲವು ಇರುತ್ತವೆ. ಉಳಿದ ದಿನ ಲೈನಪ್ ನೋಡದೆ ಆರಿಸುವುದಕ್ಕಿಂತ ಬಿಡುವುದೇ ಮೇಲು.

ಡಬಲ್ ಡೌನ್ ಎಂದರೆ ಒಂದೇ ದಿನ ಇಬ್ಬರನ್ನು ಆರಿಸುವುದು. ಇಬ್ಬರೂ ಹೊಡೆದರೆ ಎರಡು ಮೆಟ್ಟಿಲು, ಒಬ್ಬ ಕೈಕೊಟ್ಟರೂ ಸೊನ್ನೆ. ಸ್ಟ್ರೀಕ್ ಚಿಕ್ಕದಿರುವಾಗ ಇದನ್ನು ಧಾರಾಳವಾಗಿ ಬಳಸಿ. ಕಳೆದುಕೊಳ್ಳುವುದು ಕಡಿಮೆ, ಆರು ತಿಂಗಳಲ್ಲಿ ಹೆಚ್ಚು ಪ್ರಯತ್ನಗಳು ಸಿಗುತ್ತವೆ. ಇಬ್ಬರನ್ನೂ ಬೇರೆ ಬೇರೆ ಆಟದಿಂದ ಆರಿಸಿ ಅಪಾಯ ಹಂಚಿಕೊಳ್ಳಬೇಕು ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಅದು ಇಲ್ಲಿ ತಪ್ಪು. ನಮಗೆ ಬೇಕಾದ್ದು ಇಬ್ಬರೂ ಒಟ್ಟಿಗೆ ಗೆಲ್ಲುವುದು. ಒಂದೇ ತಂಡದ ಒಂದು, ಎರಡನೇ ಕ್ರಮಾಂಕದವರನ್ನು ಹಿಡಿದರೆ ಪಿಚರ್ ಹಳಿ ತಪ್ಪಿದ ದಿನ ಇಬ್ಬರಿಗೂ ಲಾಭ, ತಂಡ ಸಾಲಾಗಿ ಹೊಡೆದರೆ ಇಬ್ಬರಿಗೂ ಐದನೇ ಸರದಿ. ಒಬ್ಬ ಎಡವಿದರೆ ಹೇಗೂ ಎಲ್ಲ ಹೋಗುತ್ತದೆ, ಇನ್ನೊಬ್ಬನೂ ಅದೇ ದಿನ ಎಡವಿದರೆ ನಷ್ಟ ಹೆಚ್ಚುವುದಿಲ್ಲ.

ಸ್ಪರ್ಧೆಯ ವಿನ್ಯಾಸದಲ್ಲಿ ನಮಗೆ ಅತಿ ಇಷ್ಟವಾದದ್ದು ಸ್ಟ್ರೀಕ್ ಸೇವರ್. ಸ್ಟ್ರೀಕ್ 10ರಿಂದ 15ರೊಳಗೆ ಇದ್ದಾಗ ಎಡವಿದರೆ ಸೀಸನ್‌ಗೆ ಒಂದು ಸಲ ಅದು ಕಾಪಾಡುತ್ತದೆ, ಸಂಖ್ಯೆ ಇದ್ದಲ್ಲೇ ಉಳಿಯುತ್ತದೆ. ಅದನ್ನು ಬಳಸುವ ಸರಿಯಾದ ಬಗೆ ಇದು: 10 ಮುಟ್ಟಿದ ದಿನದಿಂದ ಸೇವರ್ ಕೈಯಲ್ಲಿರುವ ತನಕ ದಿನವೂ ಡಬಲ್ ಡೌನ್ ಮಾಡಿ. 15ರಲ್ಲಿ ನಿಂತು ಇಬ್ಬರನ್ನು ಹಾಕಿದರೆ 17ಕ್ಕೆ ಜಿಗಿಯಬಹುದು, ತಪ್ಪಿದರೆ 15ರಲ್ಲೇ ಇರುತ್ತೀರಿ. ಅದೇ 10ರಿಂದ 15ರವರೆಗೆ ಒಬ್ಬೊಬ್ಬರನ್ನೇ ಹಾಕಿಕೊಂಡು ಹೋದವರು ಸೇವರ್ ಬಳಸದೆಯೇ ಆ ವಲಯ ದಾಟಿಬಿಡುತ್ತಾರೆ, ಆಮೇಲೆ ಅದು ಆ ಸ್ಟ್ರೀಕ್‌ಗೆ ಕೆಲಸಕ್ಕೆ ಬಾರದು. 25 ದಾಟಿದ ಮೇಲೆ ದಿನಕ್ಕೊಬ್ಬ ಸಾಕು. 40 ದಾಟಿದರೆ ಸೀಸನ್‌ನಲ್ಲಿ ಎಷ್ಟು ದಿನ ಉಳಿದಿದೆ ಎಂದು ಎಣಿಸಿ, ಬಿಡುವಿದ್ದಷ್ಟು ದಿನ ಆಟ ಬಿಟ್ಟು, ಶೇ 80 ಮುಟ್ಟುವ ಆಯ್ಕೆ ಸಿಕ್ಕಾಗ ಮಾತ್ರ ಹಾಕಿ.

ಕೊರತೆಗಳೂ ಇವೆ. ಆ್ಯಪ್ ಎದುರಿಗಿಡುವ ಅಂಕಿಗಳಲ್ಲಿ ಬ್ಯಾಟಿಂಗ್ ಸರಾಸರಿಯದೇ ಮೇಲುಗೈ. ಸರದಿಗೆ ಎಷ್ಟು ಹಿಟ್ ಎಂಬ ಒಂದೇ ಒಂದು ಅಂಕಣ ಸೇರಿಸಿದ್ದರೆ ಹೊಸಬರಿಗೆ ಎಷ್ಟೋ ಉಪಕಾರವಾಗುತ್ತಿತ್ತು. ದೊಡ್ಡ ಬಹುಮಾನ 57ಕ್ಕೆ ಮಾತ್ರ ಇರುವುದರಿಂದ 30, 40 ಮುಟ್ಟುವ ನಿಜವಾದ ಸಾಧನೆಗೆ ತಕ್ಕ ಮನ್ನಣೆ ಸಿಗುವುದಿಲ್ಲ. ಬಹುಮಾನದ ಅರ್ಹತೆ ನೀವು ವಾಸಿಸುವ ಜಾಗದ ಮೇಲೆ ನಿಂತಿದೆ. ಭಾರತದಲ್ಲಿರುವವರು ಖಾತೆ ತೆರೆಯುವ ಮುಂಚೆ ಆ ವರ್ಷದ ನಿಯಮಾವಳಿಯಲ್ಲಿ ಅರ್ಹತೆಯ ಭಾಗವನ್ನು ಓದಿಕೊಳ್ಳಬೇಕು.